ಹದಿನಾಲ್ಕು ಸೆಕೆಂಡಿನ ಕರೆ

“ಯಾರ್ರೀ ಇಲ್ಲಿ ರಾಧಾಮಣಿ?”

ಬಾಗಿಲಲ್ಲಿ ನಿಂತವನ ದನಿಗೆ ಇಡೀ ಕೋಣೆ ತಿರುಗಿ ನೋಡಿತು. ಅವನ ಕೈಯಲ್ಲಿ ಹಳೆಯ ಬಟನ್ ಫೋನ್, ಅಂಗಿಯ ತೋಳಿನ ಮೇಲೆ ಎಣ್ಣೆಯ ಕಲೆ. ಕಣ್ಣು ಕೆಂಪಗಾಗಿತ್ತು.

ರಾಧಾಮಣಿ ಕಿವಿಯಿಂದ ಹೆಡ್‌ಫೋನ್ ಇಳಿಸಿದಳು. ಮಾಗಡಿಯ ಆ ಕಣ್ಣಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಂಡವರಿಗೆ ಫೋನ್ ಮಾಡಿ ವಿಚಾರಿಸುವುದು ಅವಳ ಕೆಲಸ. ಕಂಪ್ಯೂಟರಿನಲ್ಲಿ ಹೆಸರುಗಳ ಪಟ್ಟಿ ಇತ್ತು. ಹೆಸರಿನ ಮೇಲೆ ಮೌಸ್ ಒತ್ತಿದರೆ ಕರೆ ತಾನಾಗಿ ಹೋಗುತ್ತಿತ್ತು. ದಿನಕ್ಕೆ ನೂರಿಪ್ಪತ್ತು ಹೆಸರು, ಮೂರು ವರ್ಷದಿಂದ ಅದೇ ಮಾತು... ‘ಡ್ರಾಪ್ಸ್ ಹಾಕ್ಕೊಂಡ್ರಾ? ಕಣ್ಣು ಉರೀತಿದೆಯಾ?’ ಸಂಜೆ ಮನೆಗೆ ಹೋದರೆ ಅಮ್ಮನ ಜೊತೆ ಎರಡು ಮಾತಾಡಲೂ ಗಂಟಲಲ್ಲಿ ಶಕ್ತಿ ಉಳಿದಿರುತ್ತಿರಲಿಲ್ಲ.

“ನಾನೇ. ಏನಾಯ್ತು ಸರ್?”

“ನಮ್ಮವ್ವ ಚಿಕ್ಕಲಕ್ಷ್ಮಮ್ಮ ಸತ್ತು ನಾಕು ತಿಂಗಳಾಯ್ತು! ನೆನ್ನೆ ಫೋನ್ ಮಾಡಿ ‘ಅವ್ರು ಹೆಂಗವ್ರೆ’ ಅಂತ ಕೇಳಿದ್ದೀರಿ. ನಮ್ಮಪ್ಪ ಆವಾಗಿಂದ ಈ ಫೋನ್ ಹಿಡ್ಕೊಂಡು ಕುಂತುಬುಟ್ಟವ್ರೆ. ಸತ್ತೋರಿಗೂ ಫೋನ್ ಮಾಡ್ತೀರೇನ್ರೀ?”

ಅವಳಿಗೆ ನೆನಪಾಯಿತು. ಯಾರೋ ಮುದುಕರು “ಇಲ್ಲ ಕಣವ್ವ” ಎಂದಿದ್ದರು. ಮನೆಯಲ್ಲಿಲ್ಲ ಎಂದುಕೊಂಡು, “ಆಮೇಲೆ ಮಾಡ್ತೀನಿ” ಎಂದು ಮುಂದಿನ ಹೆಸರಿಗೆ ಹೋಗಿಬಿಟ್ಟಿದ್ದಳು!

‘ದೇವರೇ... ನನ್ನ ಕಿವಿ ಇಷ್ಟೊಂದು ಕಲ್ಲಾಗಿಹೋಯ್ತಾ?’

“ತಪ್ಪಾಯ್ತು ಸರ್. ನಾನು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ.”

ಅವನ ಎದುರೇ ಆ ಹೆಸರನ್ನು ಪಟ್ಟಿಯಿಂದ ತೆಗೆದಳು. ಅದನ್ನು ನೋಡಿ ಅವನ ಸಿಟ್ಟು ಇಳಿಯಿತು. ಫೋನನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದ.

ಎಂಟು ದಿನಕ್ಕೆ ಮತ್ತೆ ಬಂದ. ಈ ಸಲ ಬಾಗಿಲ ಹೊರಗೇ ನಿಂತಿದ್ದ.

“ಮೇಡಂ, ನಾನು ಪ್ರಕಾಶ್. ಕುದೂರಲ್ಲಿ ಮೋಟಾರ್ ರಿಪೇರಿ ಅಂಗಡಿ ಐತೆ. ಅವತ್ತು ಒಸಿ ಜೋರಾಗಿ ಮಾತಾಡ್ಬುಟ್ಟೆ...”

“ಪರವಾಗಿಲ್ಲ ಸರ್.”

“ಅವ್ವನ ಹೆಸ್ರು ವಾಪಸ್ ಹಾಕಕ್ಕಾಯ್ತದಾ?”

ರಾಧಾಮಣಿ ಅವನನ್ನೇ ನೋಡಿದಳು.

“ಊರೋರು, ನೆಂಟರು, ನಾನೂ ಅಷ್ಟೇ... ಅಪ್ಪನ ಮುಂದೆ ಅವ್ವನ ಹೆಸ್ರು ಎತ್ತೋದೇ ಬುಟ್ಟಿದ್ದೀವಿ. ನೋವಾಯ್ತದೆ ಅಂತ. ಅಪ್ಪ ಏನಂತಾರೆ ಗೊತ್ತಾ? ‘ಆ ಮಗಳೊಬ್ಳೇ ಕಣ್ಲಾ, ನಿಮ್ಮವ್ವನ್ನ ಹೆಸ್ರಿಡ್ದು ಕೇಳ್ದೋಳು. ಆಮೇಲೆ ಮಾಡ್ತೀನಿ ಅಂದವ್ಳೆ’ ಅಂತಾರೆ.”

ಕಂಪ್ಯೂಟರಿನಲ್ಲಿ ಚಿಕ್ಕಲಕ್ಷ್ಮಮ್ಮನ ಹೆಸರು ಮತ್ತೆ ಬಂತು. ಅಪ್ಪ ಎತ್ತದಿದ್ದರೆ ಇರಲಿ ಎಂದು ಅವನು ತನ್ನ ನಂಬರನ್ನೂ ಕೊಟ್ಟ. ‘ಪ್ರಕಾಶ್, ಕುದೂರು’ ಎಂದು ಅದರ ಕೆಳಗೇ ಬರೆದುಕೊಂಡಳು.

ಅಂದಿನಿಂದ ದಿನಾ ಮಧ್ಯಾಹ್ನದ ಬಿಡುವಿನಲ್ಲಿ ಅವಳು ಪ್ರಕಾಶನ ಅಪ್ಪ ದೊಡ್ಡಹನುಮಯ್ಯನಿಗೆ ಫೋನ್ ಮಾಡತೊಡಗಿದಳು. ಅವರು ಹೆಂಡತಿಯ ವಿಷಯ ಹೇಳುತ್ತಿದ್ದರು. ಆಕೆ ಅವರೆಕಾಳು ಬಿಡಿಸುತ್ತಾ ತೂಕಡಿಸುತ್ತಿದ್ದದ್ದು, ಬಸ್ಸಿನವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದದ್ದು... ಹೇಳುತ್ತಾ ಹೇಳುತ್ತಾ ನಗುತ್ತಿದ್ದರು. ಕೊನೆಗೆ, ಊಟಕ್ಕೆ ಬಂದಿರುತ್ತಿದ್ದ ಮಗನ ಕೈಗೆ ಫೋನ್ ಕೊಡುತ್ತಿದ್ದರು.

“ಊಟ ಆಯ್ತಾ ಮೇಡಂ?”

“ಆಯ್ತು. ನಿಮ್ದು?”

“ಆಯ್ತು. ಇಡ್ತೀನಿ.”

ಅಷ್ಟೇ! ಆದರೆ ಆ ನಾಲ್ಕು ಮಾತಿಗಾಗಿ ಬೆಳಿಗ್ಗೆಯಿಂದ ಕಾಯುವಂತಾಗಿತ್ತು ರಾಧಾಮಣಿಗೆ.

ಎರಡು ತಿಂಗಳಾಯಿತು. ಒಂದು ಮಂಗಳವಾರ ಕೆಲಸದ ನಡುವೆ ಅವಳು ಹೆಡ್‌ಫೋನನ್ನು ಕತ್ತಿಗೆ ಇಳಿಸಿ, ಮೌಸಿನ ಮೇಲೆ ಕೈ ಊರಿ ಕಣ್ಣು ಮುಚ್ಚಿದಳು. ಪಕ್ಕದ ಕುರ್ಚಿಯ ಗೆಳತಿ ಜೈನಬ್ ಕೇಳಿದಳು, “ಏನೇ, ಇಷ್ಟೊಂದು ಸುಸ್ತು?”

“ಆ ಕುದೂರಿನ ಮನೆಗೆ ಫೋನ್ ಮಾಡಿ ಮಾಡಿ ಸಾಕಾಗೋಗಿದೆ ಜೈನಬ್. ಇನ್ನು ನನ್ನ ಕೈಲಾಗಲ್ಲ. ನಿಲ್ಲಿಸ್ಬಿಡ್ತೀನಿ.”

“ಅಯ್ಯೋ, ಯಾಕೆ?”

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ ಹೇಳಿದಳು, “ಊಟ ಆಯ್ತಾ ಅಂತ ಕೇಳಿ ಇಟ್ಬಿಡ್ತಾರೆ ಕಣೇ. ಅವರಿಗೆ ಅಷ್ಟೇ. ನನಗೆ... ಅಷ್ಟೇ ಅಲ್ಲ.”

ನಿಲ್ಲಿಸುತ್ತೇನೆ ಎಂದಿದ್ದರೂ ಮರುದಿನ ಮಧ್ಯಾಹ್ನ ಮನಸ್ಸು ತಡೆಯದೆ ಫೋನ್ ಮಾಡಿದಳು. ಎತ್ತಿದವನು ಪ್ರಕಾಶ್.

“ಇನ್ಮೇಲೆ ಮಾಡ್ಬೇಡಿ ಮೇಡಂ. ನಿಮಗೆ ತುಂಬಾ ತೊಂದ್ರೆ ಕೊಟ್ಬುಟ್ವಿ. ಅಪ್ಪನಿಗೆ ನಾನೇ ಹೇಳ್ಕೋತೀನಿ.”

ಕರೆ ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ.

ಎರಡು ದಿನ ಅವಳು ಹೇಗೆ ಕೆಲಸ ಮಾಡಿದಳೋ ಅವಳಿಗೇ ಗೊತ್ತಿಲ್ಲ. ‘ಏನು ತಪ್ಪು ಮಾಡಿದೆ? ನನ್ನ ಮನಸ್ಸು ಗೊತ್ತಾಗಿ ದೂರ ಸರಿದರಾ?’

ಶನಿವಾರ, ವಾರದ ಕರೆಗಳ ಪಟ್ಟಿ ತೆಗೆಯುವಾಗ ಒಂದು ಸಾಲಿನ ಮೇಲೆ ಕಣ್ಣು ನಿಂತಿತು.

ಪ್ರಕಾಶ್, ಕುದೂರು. ಮಂಗಳವಾರ, ಹನ್ನೊಂದು ನಲವತ್ತು. ಹದಿನಾಲ್ಕು ಸೆಕೆಂಡು.

ಅವಳು ಅವನ ನಂಬರಿಗೆ ಯಾವತ್ತೂ ಫೋನ್ ಮಾಡಿರಲಿಲ್ಲ! ಮಂಗಳವಾರ... ಕೈ ಮೌಸಿನ ಮೇಲಿತ್ತು. ಹೆಡ್‌ಫೋನ್ ಮೈಕಿನ ಸಮೇತ ಕತ್ತಿನಲ್ಲಿತ್ತು. ಹದಿನಾಲ್ಕು ಸೆಕೆಂಡಿನಲ್ಲಿ ಅವನಿಗೆ ಕೇಳಿಸಿದ್ದೆಷ್ಟು? ‘ಸಾಕಾಗೋಗಿದೆ, ನಿಲ್ಲಿಸ್ಬಿಡ್ತೀನಿ’... ಅಷ್ಟೇ!

“ಜೈನಬ್, ಉಳಿದ ಹೆಸರು ನೀನೇ ನೋಡ್ಕೋ!” ಎಂದವಳೇ ಚೀಲ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದಳು.

ಕುದೂರಿನಲ್ಲಿ ಇಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತಿದ್ದ ಪ್ರಕಾಶ್ ಅವಳನ್ನು ಕಂಡು ಎದ್ದು ನಿಂತ.

“ನೀವು... ಇಲ್ಲಿ?”

“ಪೂರ್ತಿ ಕೇಳಿಸ್ಕೊಳ್ಳದೆ ಯಾಕೆ ಇಟ್ರಿ?” ಅವಳಿಗೆ ಉಸಿರು ಸಾಲುತ್ತಿರಲಿಲ್ಲ. “ಅದು ನಾನು ಮಾಡಿದ ಫೋನಲ್ಲ, ಕೈ ತಾಗಿ ಹೋಗಿದ್ದು. ನನಗೆ ಸಾಕಾಗಿದ್ದು ನಿಮ್ಮಪ್ಪಾಜಿ ಜೊತೆ ಮಾತಾಡೋದಲ್ಲ. ಮನಸ್ಸಲ್ಲಿ ಇರೋದನ್ನ ಮುಚ್ಚಿಟ್ಕೊಂಡು, ದಿನಾ ‘ನಿಮ್ದು ಊಟ ಆಯ್ತಾ’ ಅಂತ ಕೇಳಿ ಸುಮ್ಮನಾಗೋದು... ಅದು ಸಾಕಾಗಿತ್ತು ಪ್ರಕಾಶ್!”

ಅವನ ಕೈಯಲ್ಲಿದ್ದ ತಂತಿ ಜಾರಿತು.

“ನೂರಾರು ಜನದ ಜೊತೆ ಮಾತಾಡಿ ದಣಿದಿರ್ತೀರಿ,” ಎಂದ. “ನಾನೂ ಮಾತಾಡ್ಸಿ ಇನ್ನೂ ದಣಿಸ್ಬಾರ್ದು ಅಂತ ಬೇಗ ಇಟ್ಬುಡ್ತಿದ್ದೆ. ಇಡಕ್ಕೆ ಮನಸ್ಸಾದ್ರೂ ಎಲ್ಲಿತ್ತು?”

ರಾಧಾಮಣಿಯ ಕಣ್ಣು ತುಂಬಿ ಬಂತು. ಅವನು ಸ್ಟೂಲಿನ ಧೂಳು ಒರೆಸಿ ಮುಂದಿಟ್ಟ. ನೀರು ತಂದುಕೊಟ್ಟ.

“ಈಗ ಏನೂ ಮಾತಾಡ್ಬೇಡಿ. ಸುಮ್ನೆ ಕುಂತ್ಕೊಳ್ಳಿ. ಬಸ್ಸು ಸಂಜೆಗಂಟ ಐತೆ.”

ಅವಳು ಕೂತಳು. ಎಷ್ಟೋ ದಿನದ ಆಯಾಸ ಕಾಲಿನಿಂದ ಇಳಿದು ಹೋದಂತಾಯಿತು. ಅವನು ಮತ್ತೆ ಕೆಲಸಕ್ಕೆ ಕೈ ಹಾಕಲಿಲ್ಲ, ಎದುರಿಗೇ ಕೂತ.

“ಅಪ್ಪನ್ನ ಕರ್ಕೊಂಡು ನಿಮ್ಮನೆಗೆ ಬರ್ಲಾ? ನಿಮ್ಮವ್ವನ್ನ ಕೇಳಕ್ಕೆ...”

“ನಾಳೆ ಬನ್ನಿ. ಭಾನುವಾರ ಅಮ್ಮ ಮನೇಲೇ ಇರ್ತಾರೆ.”

“ನೀವು?”

“ನಾನೂ ಇರ್ತೀನಿ...” ಎಂದು ಕಣ್ಣೊರೆಸಿಕೊಂಡು ನಕ್ಕಳು.