ಏಳದೆ ಓದೆಯಾ

"ನಿಲ್ಲಿಸ್ರೀ ಆ ಹಾಡನ್ನ!"

ತಿರುಗುತ್ತಿದ್ದ ಗ್ರಾಮಫೋನ್ ಪ್ಲೇಟಿನ ಮೇಲಿಂದ ಮುಳ್ಳನ್ನು ಆಕೆಯೇ ಎತ್ತಿಬಿಟ್ಟಳು. ಮಳವಳ್ಳಿಯ ಮದುವೆಮನೆಯ ಚಪ್ಪರದಲ್ಲಿ ಒಮ್ಮೆಗೇ ಮೌನ...

ಮೈಕ್‌ಸೆಟ್ಟಿನ ಚಲುವರಾಜು ತಬ್ಬಿಬ್ಬಾದ.

"ಯಾಕ್ರವ್ವ? ಜನ ಕೇಳ್ತಾವ್ರೆ."

"ಬೇರೆ ಹಾಡು ಹಾಕಿ."

"ಆಕ್ಬೋದು. ಆದ್ರೆ ಈ ಉಡ್ಗಿ 'ಏಳದೆ ಓದೆಯಾ' ಅಂತಾಳಲ್ಲ... ಅದ್ನ ಕೇಳಕ್ಕೇ ನಾನು ಈ ಪ್ಲೇಟು ಆಕೋದು!" ಎಂದು ಅವನು ನಕ್ಕ.

'ಇವನೂ ಅಣಕಿಸುವವನೇ!'

"ಆ ಹುಡುಗಿ ನಾನೇ. ಸಾಕಾ?"

ಅವನ ನಗು ಮುಖದಲ್ಲೇ ಒಣಗಿತು. ಆಕೆ ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದಳು.

ಆಕೆ ದುದ್ದದ ಪಟ್ಟಲಮ್ಮ. ೧೯೭೧ರಲ್ಲಿ ಮದರಾಸಿನ ಪ್ಲೇಟು ಕಂಪನಿಯೊಂದು ಆಕೆಗೆ ಕುಮಾರಿ ಹೇಮಾ ಎಂದು ಹೆಸರಿಟ್ಟು ಒಂದು ಹಾಡು ಹಾಡಿಸಿತು. ಊರವರ ಬಾಯಲ್ಲಿ ಆಕೆ ಏಮಾ ಆದಳು. ಹಾಡಿನಲ್ಲಿ ಬರೆದಿದ್ದದ್ದು 'ಹೇಳದೆ ಹೋದೆಯಾ'. ಮನೆಯಲ್ಲಿ ಮಾತಾಡುವಂತೆಯೇ ಹಕಾರ ಬಿಟ್ಟು ಆಕೆ ಹಾಡಿದಳು. ಸ್ಟುಡಿಯೋದಲ್ಲಿ ಕನ್ನಡ ಬಲ್ಲವರು ಇರಲಿಲ್ಲ, ಯಾರೂ ತಿದ್ದಲಿಲ್ಲ.

ಹಾಡು ಗೆದ್ದಿತು! ಹೋಟೆಲು, ಟೆಂಟು ಸಿನಿಮಾ, ಮದುವೆ, ಎಲ್ಲೆಲ್ಲೂ ಅದೇ.

ಆಮೇಲೆ ಯಾವುದೋ ಪತ್ರಿಕೆ ಬರೆಯಿತು: 'ಹಾಸಿಗೆ ಬಿಟ್ಟು ಏಳದೆ ಓದುವ ವಿದ್ಯಾರ್ಥಿಗಳಿಗೆ ಈ ಹಾಡು ಅರ್ಪಣೆ.' ಬಸ್ಸಿನಲ್ಲಿ ಕಾಲೇಜು ಹುಡುಗರು ಕೂಗಿದರು, "ಏಮಕ್ಕಾ, ನಾವು ಏಳ್ದೇನೇ ಓದ್ತಾ ಇದೀವಿ ಕಣಕ್ಕಾ!"

ಕಂಪನಿ ಪಂಡಿತರೊಬ್ಬರನ್ನು ಇಟ್ಟು ಆಕೆಯ ನಾಲಿಗೆ ತಿದ್ದಿಸಿತು. ಮುಂದಿನ ಪ್ಲೇಟುಗಳಲ್ಲಿ ಪ್ರತಿಯೊಂದು ಹಕಾರವೂ ಸ್ಪಷ್ಟ. ಆದರೆ ಒಂದೂ ಮಾರಾಟವಾಗಲಿಲ್ಲ. ಕಂಪನಿ ಮತ್ತೆ ಕರೆಯಲಿಲ್ಲ. ಮೆಟ್ರಿಕ್ ಪಾಸಾಗಿದ್ದರಿಂದ ಮಂಡ್ಯದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿತು. ತಿದ್ದಿಸಿಕೊಂಡ ಮಾತು ಅಲ್ಲಿ ಉಪಯೋಗಕ್ಕೆ ಬಂತು. ಹಾಡು ಮಾತ್ರ ಬಾಯಿಗೆ ಬರಲೇ ಇಲ್ಲ...

ಮಳವಳ್ಳಿಯ ಮದುವೆ ಮುಗಿದ ಮುಂದಿನ ವಾರ ಮದ್ದೂರಿನಿಂದ ಒಂದು ಕರೆ.

"ಹೇಳಿ, ಯಾವ ನಂಬರು?"

"ನಂಬರ್ ಬ್ಯಾಡ, ಪಟ್ಟಲಮ್ಮೋರು ಬೇಕು. ನಾನು ಮೈಕ್‌ಸೆಟ್ ಚಲುವರಾಜು. ನಿಮ್ಮ ನೆಂಟ್ರುನ್ನ ಕೇಳಿ ತಿಳ್ಕಂಡೆ. ಫೋನು ಮಡಗ್ಬ್ಯಾಡಿ, ನಿಮ್ಮ ದಮ್ಮಯ್ಯ!"

"ಇನ್ನೂ ನಗೋದು ಬಾಕಿ ಇದೆಯಾ?"

"ನಕ್ಕಿದ್ದು ಕುಸಿಗೆ ಕಣ್ರೀ! ನಾನು ಮನೆಯಿಂದ ಒಂಟ್ರೆ ಸಾಕು, ನಮ್ಮವ್ವ 'ಏಳ್ದೆ ಓಗ್ಬ್ಯಾಡ ಕಣ್ಲಾ' ಅಂತಿದ್ಲು. ಅವ್ಳು ಸತ್ಮೇಲೆ ಯಾರೂ ಅಂಗನ್ನಲಿಲ್ಲ. ಪ್ಲೇಟಲ್ಲಿ ನೀವು ಅಂದ್ರಿ... ನಮ್ಮವ್ವನ್ನೇ ಕೇಳ್ದಂಗಾಯ್ತು."

ಪಟ್ಟಲಮ್ಮ ಲೈನು ಕತ್ತರಿಸಲಿಲ್ಲ.

'ನಾನು ಇಷ್ಟು ವರ್ಷ ನಾಚಿಕೊಂಡದ್ದು ಇದಕ್ಕಾ?'

ಬೇರೆ ಕರೆಗಳು ಕಾಯುತ್ತಿದ್ದವು.

"ಲೈನಲ್ಲಿ ಇದ್ದೀರಾ?" ಎಂದ ಚಲುವರಾಜು.

"ಇವ್ನಿ... ಏಳಿ."

"ಇನ್ನೊಂದು ಪ್ಲೇಟು ಆಡಿ ಅನ್ನಲ್ಲ. ನೀವು ಆಡ್ದಿದ್ರೂ ಸೈ. ನಮ್ಮನೇಲಿ ದಿನಾ ಮಾತಾಡ್ಕಂಡಿದ್ರೆ ನಂಗಷ್ಟೇ ಸಾಕು... ನನ್ನ ಮದ್ವೆ ಆಯ್ತೀರಾ?"

"ಇಂತಾದ್ನ ಫೋನಲ್ಲಿ ಕೇಳ್ತಾರಾ ಯಾರಾದ್ರೂ!" ಎಂದಳು ಪಟ್ಟಲಮ್ಮ. ಕೆನ್ನೆ ಬಿಸಿಯಾಗಿತ್ತು. "ಭಾನ್ವಾರ ದುದ್ದಕ್ಕೆ ಬಂದು ಅಪ್ಪನ್ನ ಕೇಳಿ. ದೊಡ್ಡೋರ್ನ ಕರ್ಕಂಡು ಬನ್ನಿ."

"ನಂಗ್ಯಾರವ್ರೆ ದೊಡ್ಡೋರು?"

"ಮದ್ದೂರಲ್ಲೇ ನಮ್ಮ ಸೋದರತ್ತೆ ಬೆಟ್ಟಮ್ಮ ಅವ್ರೆ. ಏಳಿರ್ತೀನಿ. ನಿಮ್ಮ ಕಡೆಯೋರಾಗಿ ಬಂದು ಕೂತ್ಕತ್ತಾರೆ."

"ನಿಮ್ಮತ್ತೆ ನನ್ನ ಕಡೆ ಬಂದ್ಬುಟ್ರೆ ನಿಮ್ಮ ಕಡೆ ಯಾರು?"

"ಅಪ್ಪ ಅವ್ನೆ."

"ಅವ್ರು ಒಪ್ದಿದ್ರೆ?"



"ಆಗ ನಾನೂ ಎದ್ದು ಬಂದು ನಿಮ್ಮ ಕಡೆನೇ ಕೂತ್ಕತ್ತೀನಿ, ಬುಡಿ."