ಪುಕ್ಕಟೆ ಬೆರಗಿನ ಬಯಲು

ಬಲು ಹಿಂದೆ, ಏಳು ನದಿಗಳಾಚೆಯ ರಾಜ್ಯದಲ್ಲಿ ಕನಕಾವತಿ ಎಂಬ ಮಹಾನಗರವಿತ್ತು. ಅಲ್ಲಿ ವರ್ಷಕ್ಕೊಮ್ಮೆ ಮರುಳಾಕ್ಷನೆಂಬ ಮಾಂತ್ರಿಕನೊಬ್ಬ ಲೋಕದ ಅಪರೂಪದ ವಸ್ತುಗಳನ್ನೆಲ್ಲ ಕೋಟೆಯ ಮುಂದಿನ ಬಯಲಲ್ಲಿ ಜೋಡಿಸಿ, ಹಬ್ಬ ಮಾಡಿ, ಜನರಿಗೆ ಪುಕ್ಕಟೆಯಾಗಿ ತೋರಿಸುತ್ತಿದ್ದ.

ದೋಣಿ ನಡೆಸುವ ಕೆಂಚವ್ವ ಅಲ್ಲಿಗೆ ಬಂದದ್ದು ನೋಡುವ ಆಸೆಯಿಂದಲ್ಲ. ಹಿಂದಿನ ವರ್ಷ ಹಬ್ಬಕ್ಕೆ ಹೋದ ಅವಳ ತಂಗಿ ಹೂವಿ ಮರಳಿರಲೇ ಇಲ್ಲ.

"ಕಾಸು ಬೇಡ ತಾಯಿ, ಕಣ್ತುಂಬ ನೋಡು," ಎಂದ ಕಾವಲುಗಾರ.

ಒಳಗೆ ಕಾಲಿಟ್ಟರೆ, ಒಂದು ಕೆರೆ ಗೋಡೆಯ ಹಾಗೆ ನೆಟ್ಟಗೆ ನಿಂತಿತ್ತು! ಮೀನುಗಳು ಮೇಲಕ್ಕೂ ಕೆಳಕ್ಕೂ ಈಜುತ್ತಿದ್ದವು. ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ಕೆಂಚವ್ವ ಬಾಯಿ ತೆರೆದು ನಿಂತಳು. ತಕ್ಷಣ ಅವಳ ಪಾದಗಳು ತಣ್ಣಗಾದವು. ಹೇಗೋ ಎಳೆದುಕೊಂಡು ಮುಂದೆ ಹೋದಳು.

ಮುಂದೆ ಒಂದು ಕಲ್ಲಿನ ಹುಲಿ ಮಲಗಿ, ಜೀವವಿರುವ ಜಿಂಕೆಮರಿಗೆ ಹಾಲೂಡಿಸುತ್ತಿತ್ತು. "ಅಯ್ಯೋ ಶಿವನೆ!" ಎಂದಳು. ಸೊಂಟದವರೆಗೆ ಮೈ ಮರಗಟ್ಟಿತು. ಹೆಜ್ಜೆಗೊಂದು ಉಸಿರು ಬಿಡುತ್ತ ಮೂರನೆಯ ಬೆರಗನ್ನು ಇಟ್ಟಿದ್ದ ಕಟ್ಟೆಯ ಬಳಿ ಬಂದಳು.

ಕಟ್ಟೆಯ ಮೇಲೆ ಹೂವಿ ನಿಂತಿದ್ದಳು. ಕಲ್ಲಾಗಿ! ತೆರೆದ ಬಾಯಿ ತೆರೆದೇ ಇತ್ತು. ಅವಳ ಹಿಂದೆ ನೂರಾರು ಜನ, ಹಾಗೆಯೇ ಬಾಯಿ ತೆರೆದು, ಕಟ್ಟೆಗಳ ಮೇಲೆ ಸಾಲಾಗಿ ನಿಂತಿದ್ದರು. ಕೆಂಚವ್ವನಿಗೆ ಚೀತ್ಕಾರ ಗಂಟಲಿಗೆ ಬಂತು.

"ಬಾಯಿ ತೆರೆ," ಎಂದು ಕಿವಿಯ ಬಳಿ ಯಾರೋ ಉಸುರಿದರು. ಮರುಳಾಕ್ಷ! "ಈ ಬಯಲಲ್ಲಿ ಮೂರು ಸಲ ಬೆರಗಾದವರು ಕಲ್ಲಾಗುತ್ತಾರೆ. ನಿನ್ನದು ಎರಡಾಯಿತು. ಹೂಂ, ಇನ್ನೊಂದೇ!"

ಕೆಂಚವ್ವ ರಕ್ತ ಬರುವಂತೆ ತುಟಿ ಕಚ್ಚಿಕೊಂಡಳು. ನುಂಗಿದ ಚೀತ್ಕಾರವೆಲ್ಲ ಸಿಟ್ಟಾಗಿ ತೋಳಿಗಿಳಿಯಿತು. ತಿರುಗಿ, ಅವನ ಕೆನ್ನೆಗೆ ಫಟಾರನೆ ಬಾರಿಸಿದಳು.

ಮುನ್ನೂರು ವರ್ಷಗಳಲ್ಲಿ ಎಲ್ಲರೂ ಅವನಿಗೆ ಕೈಮುಗಿದವರೇ.

"ನನಗೇ ಹೊಡೆದೆಯಾ?" ಎಂದ ಮಾಂತ್ರಿಕ, ಕಣ್ಣರಳಿಸಿ. ಅವನ ಪಾದಗಳು ಕಲ್ಲಾದವು.

"ನಿನಗೇ!" ಎಂದು ಇನ್ನೊಂದು ಕೆನ್ನೆಗೂ ಬಾರಿಸಿದಳು.

"ಮತ್ತೂ ಹೊಡೆದೆಯಾ?" ಕಲ್ಲು ಸೊಂಟಕ್ಕೇರಿತು. ಆಗ ಅವನಿಗೆ ಹೊಳೆಯಿತು, ಮಾಟಕ್ಕೆ ತನ್ನವರು ಪರರು ಎಂಬುದಿಲ್ಲ ಎಂದು. "ಬೇಡ ತಾಯೀ, ಬೇಡ!"

ಕೆಂಚವ್ವ ಮೂರನೆಯ ಸಲ ಕೈಯೆತ್ತಿದಳು, ಅಷ್ಟೆ. ಏಟು ಬೀಳುವ ಮೊದಲೇ ಮರುಳಾಕ್ಷನ ಬಾಯಿ ತಾನಾಗಿ ತೆರೆದುಕೊಂಡಿತು. ತೆರೆದದ್ದು ಮುಚ್ಚಲಿಲ್ಲ.

ನಿಂತಿದ್ದ ಕೆರೆ ಹಳ್ಳ ಹುಡುಕಿಕೊಂಡು ಹರಿದು ಹೋಯಿತು. ಹುಲಿ ಮೈಕೊಡವಿ ಎದ್ದು, ಜಿಂಕೆಮರಿಯೊಡನೆ ಕಾಡಿನ ದಾರಿ ಹಿಡಿಯಿತು. ಕೆಂಚವ್ವನ ಮೈ ಹಗುರಾಯಿತು. ಕಲ್ಲಾಗಿದ್ದವರೆಲ್ಲ ಕಣ್ಣುಜ್ಜಿಕೊಂಡು ಕಟ್ಟೆಗಳಿಂದ ಇಳಿದರು.

"ಅಕ್ಕಾ, ನೀನು ಯಾವಾಗ ಬಂದೆ?" ಎಂದಳು ಹೂವಿ. "ನಾನು ಈಗ ತಾನೇ ಬಂದೆ ನೋಡು."

ಕೆಂಚವ್ವ ತಂಗಿಯನ್ನು ಅಪ್ಪಿಕೊಂಡು, ಗಂಟಲು ಬಿಚ್ಚಿ, ಬಾಯ್ತುಂಬ ಅತ್ತಳು.

ಕನಕಾವತಿಯ ಪ್ರತಿ ಮನೆಗೂ ಕಳೆದುಹೋದವರು ಮರಳಿದರು. ಎಲ್ಲರೂ ನೂರ್ಕಾಲ ನಗುನಗುತ್ತ ಬಾಳಿದರು.