ಕೊಟ್ಟೋಡುವ ಮುಂಗುಸಿ

"ಸಾಯಿ, ಸಾಯಿ, ಬೇಗ ಸಾಯಿ!" ಚೂಟಿ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದಳು.

ಫೋನಿನ ಪರದೆಯ ಮೇಲೆ ಅವಳ ಮಿಂಚುಮುಂಗುಸಿ ಬಾಲ ನಿಗುರಿಸಿ ನಿಂತಿತ್ತು. ಎದುರಿಗೆ ಕನ್ನಡಕನ ಬೆಂಕಿಹದ್ದು. ಕನ್ನಡಕ ಅಂದರೆ ಅವಳ ಕ್ಲಾಸಿನ ಹುಡುಗ. ಸೋಡಾ ಬಾಟಲಿಯ ತಳದಂಥ ದಪ್ಪ ಗಾಜು ಹಾಕುತ್ತಿದ್ದ, ಅದಕ್ಕೇ ಆ ಹೆಸರು. ಅವನು ಅವನ ಮನೆಯಲ್ಲಿ ಕೂತಿದ್ದ, ಇವಳು ಇವಳ ಮನೆಯಲ್ಲಿ. ಕ್ಲಾಸಿನ ಹದಿನಾರು ಮಂದಿಯಲ್ಲಿ ಸೋಲದೆ ಉಳಿದವರು ಇವರಿಬ್ಬರೇ. ಇದು ಫೈನಲ್.

'ಮಲ್ಲಮೃಗ' ಆಟದಲ್ಲಿ ಒಬ್ಬೊಬ್ಬರಿಗೆ ಮೂರು ಪ್ರಾಣಿ. ಅಖಾಡಕ್ಕೆ ಒಂದು ಸಲಕ್ಕೆ ಒಂದೇ ಇಳಿಯಬೇಕು. ಯಾವುದು ಚುರುಕೋ ಅದರ ಏಟು ಮೊದಲು. ಮಿಂಚುಮುಂಗುಸಿಗಿಂತ ಚುರುಕಾದದ್ದು ಇಡೀ ಆಟದಲ್ಲೇ ಇಲ್ಲ. ಆದರೆ ಮೈಯಲ್ಲಿ ದಮ್ಮಿಲ್ಲ. ಒಂದೇ ಒಂದು ಏಟು ಬಿದ್ದರೆ ಅಂಗಾತ.

ಅದಕ್ಕೆ ಚೂಟಿ ಒಂದು ಉಪಾಯ ಹಿಡಿದಿದ್ದಳು. ಮುಂಗುಸಿಗೆ 'ಕೊಟ್ಟೋಡು' ಅನ್ನುವ ಪಟ್ಟು ಗೊತ್ತಿತ್ತು. ಮಿಂಚಿನ ಏಟು ಕೊಟ್ಟು, ಕಣ್ಣು ಮಿಟುಕಿಸುವುದರೊಳಗೆ ಹಿಂದಕ್ಕೆ ಓಡುವುದು. ಅದು ನಿಂತಿದ್ದ ಜಾಗಕ್ಕೆ ಬಂಡೆಯಾಮೆ ಬಂದು ಕೂರುತ್ತಿತ್ತು. ಎದುರಾಳಿ ತಿರುಗಿಸಿ ಹೊಡೆದರೆ ಏಟು ಬೀಳುವುದು ಆಮೆಯ ಬೆನ್ನಿಗೆ. ಹೀಗೆ ಹೊಡೆದೂ ಹೊಡೆದೂ ಕನ್ನಡಕನ ಎರಡು ಪ್ರಾಣಿಗಳನ್ನು ಅವಳು ಮಲಗಿಸಿದ್ದಳು.

ಅವಳ ಮೂರನೆಯ ಪ್ರಾಣಿ ಮುಂಗುಸಿ ಇಳಿಯುವ ಮೊದಲೇ ಬಿದ್ದಿತ್ತು, ಈಗ ಆಮೆಯೂ ಸತ್ತಿತ್ತು. ಉಳಿದದ್ದು ಮುಂಗುಸಿ ಮತ್ತು ಹದ್ದು. ಹದ್ದಿನ ಜೀವ ಕೂದಲೆಳೆಯಷ್ಟಿತ್ತು. ಏಟು ಆರಿಸಲು ಹದಿನೈದು ಸೆಕೆಂಡು.

ಅಷ್ಟರಲ್ಲಿ ಪರದೆಯ ಮೇಲ್ಗಡೆ ಹೆಸರೊಂದು ಮೂಡಿತು. ಲಾಂಡ್ರಿ ಸೂಪರ್‌ವೈಸರ್.

ಇಲ್ಲಿ ಒಂದು ಮಾತು ನೇರವಾಗಿಯೇ ಹೇಳಿಬಿಡಬೇಕು. ಚೂಟಿ ಆ ಹೆಸರನ್ನು ಓದಿದಳು. ಅದು ಯಾತಕ್ಕೆ ಬಂದ ಫೋನು ಅನ್ನುವುದೂ ಅವಳಿಗೆ ಗೊತ್ತಿತ್ತು.

ಅಮ್ಮ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಮೂರು ವರ್ಷದಿಂದ ಬೆಳಗಿನ ಜಾವದ ಪಾಳಿ. ಊರೆಲ್ಲ ಮಲಗಿರುವಾಗ ಎದ್ದು ಹೋಗಿ, ರೋಗಿಗಳ ಚಾದರ ಕುದಿಸಿ, ಬ್ಲೀಚಿನಲ್ಲಿ ಅದ್ದಿ, ಹಿಂಡಿ ತೆಗೆಯಬೇಕು. ಅಮ್ಮನ ಬೆರಳ ಸಂದುಗಳು ಒಡೆದು ರಕ್ತ ಜಿನುಗುತ್ತಿತ್ತು. ಈಗ ಹಗಲು ಪಾಳಿಯಲ್ಲಿ, ಇಸ್ತ್ರಿ ವಿಭಾಗದಲ್ಲಿ, ಒಂದೇ ಒಂದು ಜಾಗ ಖಾಲಿಯಾಗಿತ್ತು. ಪಟ್ಟಿಯಲ್ಲಿ ಮೊದಲ ಹೆಸರು ಅಮ್ಮನದು. ಇವತ್ತು ಫೋನ್ ಮಾಡಿ ಕೇಳುತ್ತಾರೆ. ಎತ್ತದಿದ್ದರೆ ಮುಂದಿನ ಹೆಸರಿಗೆ ಹೋಗುತ್ತಾರೆ.

"ಅತ್ತೆ, ನಾಲ್ಕರಿಂದ ಐದರೊಳಗೆ ಫೋನ್ ಬರುತ್ತೆ. ನಾನು ಮೇಲೆ ಬಟ್ಟೆ ಒಣಹಾಕ್ತಿರ್ತೀನಿ. ಬಂದ್ರೆ ಒಂದು ಕೂಗು ಹಾಕಿ, ಹಾರ್ಕೊಂಡು ಬರ್ತೀನಿ," ಎಂದು ಅಮ್ಮ ಫೋನನ್ನು ಅಜ್ಜಿಯ ಮಡಿಲಲ್ಲಿಟ್ಟು ತಾರಸಿಗೆ ಹೋಗಿದ್ದಳು. ಅಜ್ಜಿ ಅಂಗಿಗೆ ಕಾಜಾ ಹೊಲಿಯುತ್ತ ಕೂತಲ್ಲೇ ತೂಕಡಿಸಿದಳು. ಆಗ ಚೂಟಿ ಫೋನನ್ನು ಮೆಲ್ಲಗೆ ಜಾರಿಸಿಕೊಂಡಿದ್ದಳು. ಆಟದ ಸದ್ದು ಕೇಳದಿರಲಿ ಅಂತ ಸೌಂಡ್ ಬೇರೆ ಆಫ್ ಮಾಡಿದ್ದಳು.

ಒಂಬತ್ತು ಸೆಕೆಂಡು. ಅವಳ ಹೆಬ್ಬೆರಳು ಕೆಂಪು ಗುಂಡಿ ಒತ್ತಿತು.

ಮತ್ತೆ ಅದೇ ಹೆಸರು. ಐದು ಸೆಕೆಂಡು. ಮತ್ತೆ ಕೆಂಪು.

ಮುಂಗುಸಿ ಹಾರಿತು. ಹದ್ದು ಉರುಳಿತು. ಪರದೆಯ ತುಂಬ ಬಂಗಾರದ ಅಕ್ಷರ: ಗೆಲುವು!

ಚೂಟಿ ಫೋನನ್ನೇ ನೋಡುತ್ತ ಕೂತಳು. ಮೂರನೇ ಸಲ ಬರುತ್ತದೆ, ಬಂದ ತಕ್ಷಣ ಅಮ್ಮನನ್ನು ಕೂಗೋಣ ಅಂದುಕೊಂಡಳು. ಬರಲಿಲ್ಲ. ಆಗಲಾದರೂ ಓಡಿಹೋಗಿ ಹೇಳಬಹುದಿತ್ತು. ಎರಡು ಮಹಡಿ ಮೆಟ್ಟಿಲು, ಅಷ್ಟೇ. ಅವಳು ಹೋಗಲಿಲ್ಲ. ಫೋನನ್ನು ಅಜ್ಜಿಯ ಮಡಿಲಿಗೆ ವಾಪಸ್ಸು ಇಟ್ಟು, ಪುಸ್ತಕ ಬಿಡಿಸಿಕೊಂಡು ಕೂತಳು.

ಅಮ್ಮ ಖಾಲಿ ಬಕೆಟ್ ಹಿಡಿದು ಬಂದವಳು ಮೊದಲು ಫೋನ್ ನೋಡಿದಳು. ಬಕೆಟ್ ಕೈಯಿಂದ ಜಾರಿತು. ಅಲ್ಲೇ ನಿಂತು ಫೋನ್ ಹಚ್ಚಿದಳು.

"ಮೇಡಂ, ನಾನು... ಹೌದು ಮೇಡಂ... ಇಲ್ಲ ಮೇಡಂ, ಬೇಕು ಅಂತ ಕಟ್ ಮಾಡ್ಲಿಲ್ಲ... ಕೊಟ್ಟುಬಿಟ್ರಾ? ಆಗ್ಲೇ?... ಸರಿ ಮೇಡಂ."

ಆಮೇಲೆ ಕರೆಗಳ ಪಟ್ಟಿಯನ್ನು ಮತ್ತೊಮ್ಮೆ ನೋಡಿದಳು.

"ಎರಡು ಸಲ ಮಾಡಿದಾರೆ. ಎರಡು ಸಲಾನೂ ಕಟ್ ಮಾಡಿದಾರೆ ಇಲ್ಲಿ. ಯಾರು?"

ಅಮ್ಮನ ದನಿ ಏರಿರಲಿಲ್ಲ. ಅದೇ ಹೆದರಿಕೆ ಹುಟ್ಟಿಸುವಂತಿತ್ತು. ಆದರೆ ಚೂಟಿಯ ಬಾಯಿ ಬಲು ಚುರುಕು.

"ಅಜ್ಜಿ ಹತ್ರ ಇತ್ತು ಫೋನು," ಎಂದಳು.

ಸುಳ್ಳೇನೂ ಅಲ್ಲವಲ್ಲ, ಎಂದು ಒಳಗೇ ಹೇಳಿಕೊಂಡಳು.

ಅಜ್ಜಿ ಬೆಚ್ಚಿ ಕಣ್ಣು ಬಿಟ್ಟಿದ್ದಳು. "ನಾನಾ? ನಾನು ಒತ್ತಿದ್ನಾ?" ತನ್ನ ಬೆರಳುಗಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು. "ಸ್ವಲ್ಪ ಕಣ್ಣು ಹತ್ತಿತ್ತಮ್ಮಾ. ನೆನಪೇ ಇಲ್ಲ. ಒತ್ತಿದ್ದೆನೇನೋ."

"ಸೌಂಡೂ ಆಫ್ ಮಾಡಿಟ್ಟಿದೀರ," ಎಂದಳು ಅಮ್ಮ. "ಹೋಗ್ಲಿ ಬಿಡಿ ಅತ್ತೆ. ಇನ್ಮೇಲೆ ಫೋನ್ ಮುಟ್ಟಬೇಡಿ."

ಅಷ್ಟೇ. ಬಯ್ಯಲಿಲ್ಲ, ಕೂಗಾಡಲಿಲ್ಲ. ಮಾರನೆಯ ದಿನದಿಂದ ಅಜ್ಜಿಯ ಜೊತೆ ಮಾತಾಡುವುದನ್ನೇ ನಿಲ್ಲಿಸಿಬಿಟ್ಟಳು.

ಸೋಮವಾರ ಶಾಲೆಯಲ್ಲಿ ಚೂಟಿಯೇ ರಾಣಿ. ಹಿಂದಿನ ಬೆಂಚಿನ ಹುಡುಗಿಯರೆಲ್ಲ ಮುತ್ತಿಕೊಂಡರು.

"ಏ ಚೂಟಿ, ಹದ್ದಿಗೆ ಹೆಂಗೆ ಬಾರಿಸಿದೆ ಹೇಳೇ!"

"ಮುಂಗುಸಿ ನಂಗೂ ಕೊಡಿಸೇ!"

ಕನ್ನಡಕ ಮಾತ್ರ ತನ್ನ ಡಬ್ಬಿ ಮುಚ್ಚಿ, ಬಾಯಿ ಒರೆಸಿಕೊಂಡು ಬಂದ. ಅವನು ಸೋತರೂ ಅಳುವವನಲ್ಲ, ಲೆಕ್ಕ ಹಾಕುವವನು.

"ಮುಂದಿನ ಸಲ ಕೆಸರುಕೋಣ ತರ್ತೀನಿ. ಕೆಸರಿಗೆ ಕರೆಂಟ್ ಹತ್ತಲ್ಲ. ನೀನು ಮಿಂಚು ಬಿಟ್ರೆ ಕೋಣಕ್ಕೆ ಕಚಗುಳಿ ಇಟ್ಟಂಗೆ."

"ನೀನು ಕೋಣ ತರ್ತೀಯ ಅಂತ ನಂಗೆ ಮೊದಲೇ ಗೊತ್ತಾಗುತ್ತೆ. ಮಿಂಚು ಬಿಡಲ್ಲ, ಹುಲ್ಲಿನ ಬಲೆ ಬೀಸ್ತೀನಿ. ಕೋಣ ಢಮಾರ್."

"ಹಾಂಗಾದ್ರೆ ಮೊದಲನೇ ಸುತ್ತಲ್ಲೇ ನಿನ್ನ ಮುಂಗುಸಿ ಕಾಲಿಗೆ ಜೋಮು ಹಿಡಿಸ್ತೀನಿ. ಚುರುಕು ಹೋದ್ರೆ ಅದು ಬರೀ ಇಲಿ."

ಎಲ್ಲರೂ ನಕ್ಕರು. ಚೂಟಿಯೂ ನಕ್ಕಳು.

"ಇನ್ನೊಂದು ಹೇಳ್ಲಾ?" ಎಂದ ಕನ್ನಡಕ. "ಎಲ್ರೂ ಮುಂಗುಸಿ ಮುಂಗುಸಿ ಅಂತೀರ. ನಾನು ಆಟ ವಾಪಸ್ಸು ಹಾಕಿ ನೋಡ್ದೆ. ಮುಂಗುಸಿ ಇಳಿದ ಮೇಲೆ ಹನ್ನೊಂದು ಏಟು ಹೊಡೆದಿದೀನಿ ನಾನು. ಹನ್ನೊಂದೂ ಆಮೆಗೇ ಬಿದ್ದಿದೆ. ಅದೇನ್ ಮಾಡಿತ್ತು ಪಾಪ? ಸುಮ್ನೆ ಬಂದು ಕೂತಿತ್ತು."

"ಆಟ ಇರೋದೇ ಹಂಗೆ ಕಣೋ!" ಚೂಟಿ ರೇಗಿದಳು. ಯಾತಕ್ಕೆ ಅಷ್ಟು ಸಿಟ್ಟು ಬಂತೋ ಅವಳಿಗೇ ತಿಳಿಯಲಿಲ್ಲ. ಡಬ್ಬಿಯಲ್ಲಿದ್ದ ಊಟ ಅರ್ಧ ಹಾಗೇ ಉಳಿಯಿತು.

ಮನೆಯಲ್ಲಿ ಅಜ್ಜಿ ದಿನಕ್ಕಿಷ್ಟು ಕುಗ್ಗುತ್ತಿದ್ದಳು.

ಅವಳು ಸಾಮಾನ್ಯ ಹೆಂಗಸಲ್ಲ. ಬೀದಿಯ ಕೊನೆಯ ದರ್ಜಿಯ ಅಂಗಡಿಗೆ ಮೂವತ್ತು ವರ್ಷದಿಂದ ಕಾಜಾ ಹೊಲಿದು ಕೊಡುತ್ತಿದ್ದವಳು. ಅಂಗಿಯ ಗುಂಡಿ ತೂರುವ ಆ ಸಣ್ಣ ತೂತಿನ ಸುತ್ತ ಅಜ್ಜಿ ಹಾಕಿದ ಹೊಲಿಗೆ ಅಂಗಿ ಹರಿದರೂ ಬಿಡುತ್ತಿರಲಿಲ್ಲ. ಯಾರಾದರೂ ತಪ್ಪು ತೋರಿಸಿದರೆ, "ಕಣ್ಣು ತೊಳ್ಕೊಂಡು ಬಂದು ನೋಡು ಹೋಗು," ಎನ್ನುತ್ತಿದ್ದಳು.

ಈಗ ಅಜ್ಜಿ ಒಲೆ ಆರಿಸಿ ಬಂದು, ಕೂತು, ಮತ್ತೆ ಎದ್ದು ಹೋಗಿ ನೋಡುವಳು. "ಮರಿ, ನಾನು ಮಾತ್ರೆ ತಗೊಂಡ್ನಾ?" ಎಂದು ಚೂಟಿಯನ್ನು ಕೇಳುವಳು. ತಗೊಂಡು ಐದು ನಿಮಿಷವೂ ಆಗಿರುತ್ತಿರಲಿಲ್ಲ. ಒಮ್ಮೆ ಲೋಟ ಹಿಡಿದುಕೊಂಡು, "ನೀರು ಕುಡೀಲಾಮ್ಮಾ?" ಎಂದು ಅಮ್ಮನನ್ನು ಕೇಳಿದಳು. ಅಮ್ಮ ಉತ್ತರ ಕೊಡದೆ ಹೊರಗೆ ಹೋದಳು.

ಶುಕ್ರವಾರ ಚೂಟಿ ಶಾಲೆಯಿಂದ ಬಂದಾಗ ದರ್ಜಿ ಬಾಗಿಲಲ್ಲಿ ನಿಂತಿದ್ದ. ಅವನ ಕೈಯಲ್ಲಿ ಹನ್ನೆರಡು ಅಂಗಿಗಳ ಗಂಟು.

"ಅಲ್ಲಮ್ಮಾ, ಒಂದಕ್ಕೂ ಸೂಜಿ ಹಾಕದೆ ವಾಪಸ್ಸು ಕೊಡ್ತಿದೀರಲ್ಲ! ಕೈ ನೋವಾ?"

"ಕೈ ಚೆನ್ನಾಗಿದೆ ಕಣಪ್ಪಾ." ಅಜ್ಜಿ ತಲೆ ಮುಟ್ಟಿ ತೋರಿಸಿದಳು. "ಇದು ಕೆಟ್ಟಿದೆ. ನಾನು ಏನು ಮಾಡ್ತೀನೋ ನಂಗೇ ಗೊತ್ತಾಗ್ತಿಲ್ಲ. ಎಡಕ್ಕೆ ಬೇಕಾದ್ದನ್ನ ಬಲಕ್ಕೆ ಕತ್ತರಿಸಿಟ್ರೆ? ಯಾರದೋ ಹೊಸ ಅಂಗಿ. ಬೇಡಪ್ಪಾ. ಬೇರೆ ಯಾರಿಗಾದ್ರೂ ಕೊಡು."

ದರ್ಜಿ ಚೂಟಿಯ ಮುಖ ನೋಡಿದ. ಚೂಟಿ ತನ್ನ ಚಪ್ಪಲಿ ನೋಡಿದಳು.

ಅವನು ಹೋದ ಮೇಲೆ ಅಜ್ಜಿ ಸೂಜಿಯ ಡಬ್ಬಿ ಮುಚ್ಚಿ, ಕಪಾಟಿನ ಮೇಲ್ಗಡೆ, ತನ್ನ ಕೈಗೇ ಎಟುಕದಷ್ಟು ಒಳಗೆ ತಳ್ಳಲು ನೋಡುತ್ತಿದ್ದಳು. ಚೂಟಿಗೆ ತಡೆಯಲಾಗಲಿಲ್ಲ.

"ಅಜ್ಜಿ, ಆವತ್ತು ಫೋನ್ ಕಟ್ ಮಾಡಿದ್ದು ನೀನಲ್ಲ. ನಾನು. ಆಟ ಆಡ್ತಿದ್ದೆ. ಎರಡು ಸಲಾನೂ ನಾನೇ ಒತ್ತಿದ್ದು."

ಹೇಳಿ ಕಣ್ಣು ಮುಚ್ಚಿಕೊಂಡಳು. ಏಟು ಬೀಳಲಿ, ಬಯ್ಗುಳ ಬೀಳಲಿ ಎಂದು ಕಾದಳು.

ತಲೆಯ ಮೇಲೆ ಅಜ್ಜಿಯ ಅಂಗೈ ಬಿತ್ತು. ಮೆತ್ತಗೆ.

"ನನ್ನ ಬಂಗಾರ," ಎಂದಳು ಅಜ್ಜಿ. "ಮುದುಕಿ ಸೊರಗ್ತಿದಾಳೆ ಅಂತ ತಪ್ಪನ್ನ ನಿನ್ನ ಮೇಲೆ ಹಾಕ್ಕೋತೀಯಾ? ಇಷ್ಟು ದೊಡ್ಡ ಮನಸು ನಿಂಗೆ ಎಲ್ಲಿಂದ ಬಂತೇ?"

"ಇಲ್ಲ ಅಜ್ಜಿ! ನಿಜವಾಗ್ಲೂ ನಾನೇ!"

"ಆಯ್ತು, ಆಯ್ತು. ನೀನೇ." ಅಜ್ಜಿ ನಕ್ಕಳು. ಪುಟ್ಟ ಮಗು ಗೊಂಬೆಗೆ ಜ್ವರ ಅಂದಾಗ ದೊಡ್ಡವರು ನಗುತ್ತಾರಲ್ಲ, ಹಾಗೆ. "ಅಮ್ಮನ ಹತ್ರ ಮಾತ್ರ ಹಂಗೆ ಹೇಳ್ಬೇಡ. ಮೊದಲೇ ನೊಂದಿದಾಳೆ. ನಿನಗೆ ಬಾರಿಸಿಬಿಟ್ಟಾಳು."

ಚೂಟಿ ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಅತ್ತಳು.

ಅಮ್ಮ ಶನಿವಾರ ಕೆಲಸದಿಂದ ಬರುವಾಗ ಮಧ್ಯಾಹ್ನವಾಗಿತ್ತು. ಕೈಗೆ ಮುಲಾಮು ಹಚ್ಚಿಕೊಂಡು, ಹತ್ತೂ ಬೆರಳು ಅಗಲಿಸಿಕೊಂಡು ಅಡುಗೆಮನೆಯ ನೆಲದಲ್ಲಿ ಕೂತಿದ್ದಳು. ಚೂಟಿ ಫೋನ್ ತಂದು ಅವಳ ಮುಂದೆ ಹಿಡಿದಳು. ಮೊದಲು ಬಂದ ಕರೆಗಳ ಪಟ್ಟಿ ತೋರಿಸಿದಳು. ನಾಲ್ಕು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಎರಡು ಕರೆ. ಆಮೇಲೆ ಆಟ ತೆರೆದಳು. ಗೆದ್ದ ಆಟಗಳ ಪಟ್ಟಿ. ಫೈನಲ್. ನಾಲ್ಕು ಇಪ್ಪತ್ತೆರಡು.

ಅಮ್ಮ ಒಂದು ಸಲ ಓದಿದಳು. ಇನ್ನೊಂದು ಸಲ ಓದಿದಳು. ಮುಲಾಮಿನ ಕೈ ಮೇಲಕ್ಕೆ ಹೋಯಿತು.

ಬಾಗಿಲು ತೆರೆದೇ ಇತ್ತು. ಓಡಿದ್ದರೆ ಚೂಟಿಯನ್ನು ಹಿಡಿಯುವುದು ಅಮ್ಮನಿಂದ ಆಗುತ್ತಿರಲಿಲ್ಲ. ಚೂಟಿ ನಿಂತೇ ಇದ್ದಳು.

ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ನಿಧಾನವಾಗಿ ಇಳಿದು ಅಮ್ಮನ ಮಡಿಲಿಗೇ ಬಿತ್ತು.

"ಒಂದು ವಾರ," ಎಂದಳು ಅಮ್ಮ. "ಒಂದು ವಾರ ನಾನು ಅವರ ಮುಖ ನೋಡಿಲ್ಲ ಕಣೇ. ನೀರು ಕುಡೀಲಾ ಅಂದ್ರೂ ಮಾತಾಡ್ಲಿಲ್ಲ. ಹಗಲು ಪಾಳಿ ಹೋಯ್ತು, ಹೋಗ್ಲಿ. ಇದನ್ನ ಹೆಂಗೆ ತೊಳೀಲಿ ನಾನು?"

ಎದ್ದು ಅಜ್ಜಿಯ ಮುಂದೆ ಹೋಗಿ ಕೂತಳು. "ಅತ್ತೆ, ತಪ್ಪಾಯ್ತು. ನಿಮ್ಮದೇನೂ ಇಲ್ಲ. ಇವಳೇ ಕಟ್ ಮಾಡಿದ್ದು. ನೋಡಿ, ಇದರಲ್ಲೇ ಇದೆ."

ಅಜ್ಜಿ ಫೋನಿನ ಕಡೆ ನೋಡಲೂ ಇಲ್ಲ. ಸೊಸೆಯ ಮುಖ ನೋಡಿದಳು, ಮೊಮ್ಮಗಳ ಮುಖ ನೋಡಿದಳು.

"ಇಬ್ಬರೂ ಸೇರ್ಕೊಂಡು ನಾಟಕ ಆಡ್ತಿದೀರಾ?" ಎಂದಳು. ದನಿಯಲ್ಲಿ ಪ್ರೀತಿಯೇ ಇತ್ತು. "ಇರಲಿ ಬಿಡಮ್ಮಾ. ವಯಸ್ಸಾದ ಮೇಲೆ ಎಲ್ರಿಗೂ ಹಿಂಗೇ. ನೀನು ಊಟ ಮಾಡು ಹೋಗು."

ಅಮ್ಮ ಫೋನನ್ನು ಮತ್ತೆ ಮುಂದೆ ಹಿಡಿದಳು. ಅಜ್ಜಿ ಅದನ್ನು ಮೆತ್ತಗೆ ಪಕ್ಕಕ್ಕೆ ಸರಿಸಿದಳು.

ಭಾನುವಾರ ಬೆಳಿಗ್ಗೆ ಚೂಟಿ ಒಬ್ಬಳೇ ದರ್ಜಿಯ ಅಂಗಡಿಗೆ ಹೋದಳು. ನಡೆದದ್ದನ್ನೆಲ್ಲ ಹೇಳಿದಳು. ಅವನು ಕತ್ತರಿ ಕೆಳಗಿಟ್ಟು ಪೂರ್ತಿ ಕೇಳಿದ. ಆಮೇಲೆ ಒಂದು ಅಂಗಿ ಮಡಚಿ ಅವಳ ಕೈಗಿಟ್ಟ. ಒಂದೇ.

ಅಜ್ಜಿ ಬೇಡ ಬೇಡ ಎಂದಳು. ಚೂಟಿ ಸ್ಟೂಲು ಹತ್ತಿ ಡಬ್ಬಿ ಇಳಿಸಿ, ಅಂಗಿಯನ್ನು ಅವಳ ಮಂಡಿಯ ಮೇಲೆ ಹರಡಿ, ಎದುರಿಗೆ ಕೂತಳು. "ನಾನು ನೋಡ್ತಿರ್ತೀನಿ. ತಪ್ಪಾದ್ರೆ ಹೇಳ್ತೀನಿ," ಎಂದಳು.

ಬಹಳ ಹೊತ್ತಿನ ಮೇಲೆ ಅಜ್ಜಿ ಸೂಜಿ ಹಿಡಿದಳು. ಮೊದಲನೆಯ ಕಾಜಾ ಮುಗಿಯುವಷ್ಟರಲ್ಲಿ ಹಣೆಯಲ್ಲಿ ಬೆವರು.

"ಸರಿ ಇದ್ಯಾ ಮರಿ?"

ಚೂಟಿ ಬಗ್ಗಿ ನೋಡಿದಳು. ಹೊಲಿಗೆ ಹೊಲಿಗೆಗೂ ಒಂದೇ ಅಂತರ. "ಸರಿ ಇದೆ ಅಜ್ಜಿ."

"ಎಡಕ್ಕೇ ತಾನೇ?"

"ಎಡಕ್ಕೇ."

ಎರಡನೆಯದಕ್ಕೂ ಅಜ್ಜಿ ಕೇಳಿದಳು. ಮೂರನೆಯದಕ್ಕೂ ಕೇಳಿದಳು. ನಾಲ್ಕನೆಯದನ್ನು ಮುಗಿಸಿ, ಎದ್ದುಹೋಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ವಾಪಸ್ಸು ಬಂದು, ಮತ್ತೆ ಕೇಳಿದಳು.

ಅಂಗಿಗೆ ಇನ್ನೂ ಮೂರು ಕಾಜಾ ಬಾಕಿ ಇದ್ದವು. ಅಂಗಡಿಯಲ್ಲಿ ಹನ್ನೊಂದು ಅಂಗಿ ಇದ್ದವು.

"ಸರಿ ಇದೆ ಅಜ್ಜಿ," ಎಂದು ಚೂಟಿ ಸೂಜಿಗೆ ದಾರ ಪೋಣಿಸಿಕೊಟ್ಟಳು.